ಮರುಭೂಮಿಯ ನೀರಿಗೆ ಮಾವನವರ ಸರ್ಟಿಫಿಕೇಟು

ಮೊನ್ನೆ ಬೆಳಿಗ್ಗೆ ಅಕ್ಕಿ ತೊಳೆಯಲೆಂದು ಅಡುಗೆಮನೆಯ ನಲ್ಲಿ ತಿರುಗಿಸಿದೆ, ಗಪ್ಪೆಂದು ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮಿಸಿಸಾಗಾದ ಮನೆಯಲ್ಲಿ ಅಪರೂಪಕ್ಕೆ ಹೀಗಾಗುವುದುಂಟು. ಸ್ಕೂಲಿಗೆ ಹೊರಟಿದ್ದ ಮಗಳು ಅನಘಾ ಬ್ಯಾಗು ಹೆಗಲಿಗೇರಿಸುತ್ತಾ, "ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ತಾತ," ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕಿಯ ಪಾತ್ರೆಯನ್ನು ಸಿಂಕಿನಲ್ಲೇ ಬಿಟ್ಟು ಸ್ಟೂಲಿನ ಮೇಲೆ ಕೂತೆ. ಮೂರು ವರ್ಷದ ಹಿಂದಿನ ಆ ಚಳಿಗಾಲ ಪೂರ್ತಿಯಾಗಿ ನೆನಪಿಗೆ ಬಂತು. ಅವತ್ತು ಆಫೀಸಿಗೆ ಅರ್ಧ ಗಂಟೆ ತಡವಾಗಿ ಹೋದೆ.

ನಮ್ಮ ಮಾವ ಶ್ರೀಕಂಠಯ್ಯನವರು ಮೈಸೂರಿನವರು. ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಹೊಸ ಊರಿಗೆ ಹೋದರೆ ಜನ ದೇವಸ್ಥಾನ ಎಲ್ಲಿ, ಒಳ್ಳೆಯ ಹೋಟೆಲು ಎಲ್ಲಿ ಎಂದು ವಿಚಾರಿಸುತ್ತಾರೆ. ಇವರು ನೀರಿನ ಟ್ಯಾಂಕು ಎಲ್ಲಿದೆ ಎಂದು ಕೇಳುತ್ತಾರೆ. ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಬಂದರೆ ಎಲ್ಲರೂ ಮುಖ ಸಿಂಡರಿಸಿದಾಗ ಇವರ ಮುಖ ಅರಳುತ್ತದೆ. "ವಾಸನೆ ಬಂದ್ರೆ ಒಳ್ಳೇದು ಕಣಮ್ಮ, ಯಾರೋ ಕೆಲಸ ಮಾಡ್ತಿದಾರೆ ಅಂತ ಅರ್ಥ. ಬರದೇ ಇದ್ದಾಗ ಹೆದರ್ಕೊ," ಎನ್ನುವುದು ಅವರ ಮಾತು. ಇಷ್ಟೆಲ್ಲ ಆದ ಮೇಲೂ ಆ ನೀರನ್ನು ಅವರು ಕುಡಿಯುವುದಿಲ್ಲ. ಅವರ ಮನೆಯಲ್ಲಿ ಕುಡಿಯುವ ನೀರೆಂದರೆ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಶೋಧಿಸಿ, ತಾಮ್ರದ ಬಿಂದಿಗೆಗೆ ತುಂಬಿಟ್ಟ ನೀರು. ಮದುವೆಯಾಗಿ ನಾನು ಆ ಮನೆ ಹೊಕ್ಕ ಮೊದಲ ದಿನವೇ ಈ ಪಾಠ ಆಗಿತ್ತು.

ನಾನೋ ಹುಬ್ಬಳ್ಳಿಯವಳು. ನೀರು ಬರುವ ದಿನ ನಮ್ಮ ಓಣಿಯಲ್ಲಿ ಹಬ್ಬ. ಕೊಡ, ಬಕೆಟ್ಟು, ಡ್ರಮ್ಮು, ಕೊನೆಗೆ ಒಗ್ಗರಣೆ ಡಬ್ಬಿಯನ್ನೂ ಬಿಡದೆ ತುಂಬಿಸಿಕೊಳ್ಳುವ ಜನ ನಾವು. ನೀರಿಗೆ ಇಷ್ಟೊಂದು ಪರೀಕ್ಷೆ ಇಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. "ಮಾವಾರ, ನಮ್ಮ ಊರಾಗ ಎಂಟ ದಿನಕ್ಕೊಮ್ಮೆ ನೀರ ಬರ್ತಿತ್ತು. ಅದನ್ನ ಹಂಗ ಕುಡದ ನಾ ಇಷ್ಟ ದೊಡ್ಡಾಕಿ ಆಗೀನಿ. ಏನಾಗೇತಿ ನನಗ?" ಎಂದು ಒಮ್ಮೆ ಕೇಳಿದ್ದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಿನಗೇನೂ ಆಗಲ್ಲ ಕಣಮ್ಮ. ನಿನ್ನ ಹೊಟ್ಟೆಗೆ ಬಂದ ಕ್ರಿಮಿಗಳೇ ಹೆದರ್ಕೋತವೆ," ಎಂದಿದ್ದರು. ಮಾತಿಗೆ ಮಾತು ಕೊಡುವ ಮಾವ ಸಿಕ್ಕಿದ್ದು ನನ್ನ ಪುಣ್ಯ. ಆ ಮನೆಯಲ್ಲಿ ಉಳಿದವರೆಲ್ಲ ಮಹಾ ಮೌನಿಗಳು.

ಆ ವರ್ಷ ಅಕ್ಟೋಬರಿನಲ್ಲಿ ಅತ್ತೆ ಲಲಿತಮ್ಮ ಮತ್ತು ಮಾವ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಬಂದ ಮೂರನೆಯ ದಿನವೇ ಮಾವ, "ಇಲ್ಲಿ ನೀರಿನ ಮೂಲ ಎಲ್ಲಿ, ತೋರಿಸು," ಎಂದು ನನ್ನ ಗಂಡ ಪ್ರಸನ್ನನಿಗೆ ಹೇಳಿದರು. ನಯಾಗರಾ ನೋಡಲು ಯಾವ ಆತುರವೂ ಇರಲಿಲ್ಲ. ಭಾನುವಾರ ಎಲ್ಲರೂ ಸರೋವರದ ದಡದಲ್ಲಿರುವ ಪೋರ್ಟ್ ಕ್ರೆಡಿಟ್ಟಿಗೆ ಹೋದೆವು. ಅತ್ತೆ ದೋಣಿಗಳನ್ನು ನೋಡುತ್ತಾ, ನಾಯಿ ಹಿಡಿದು ಓಡಾಡುವವರನ್ನು ನೋಡುತ್ತಾ ಖುಷಿಯಾಗಿದ್ದರು. ಮಾವ ಮಾತ್ರ ಕಲ್ಲುದಂಡೆಯ ತುದಿಯಲ್ಲಿ ಕೈ ಹಿಂದೆ ಕಟ್ಟಿ ನಿಂತು, ಒಂಟಾರಿಯೊ ಸರೋವರವನ್ನು ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರಂತೆ ಬಹಳ ಹೊತ್ತು ದಿಟ್ಟಿಸಿದರು. ವಾಪಸು ಬಂದು ಕಾರು ಹತ್ತುವಾಗ, "ಇದು ಆಗುತ್ತೆ," ಎಂದರು. ಸರೋವರ ಪಾಸಾಯಿತೆಂದು ನಾವೆಲ್ಲ ಸಂಭ್ರಮಿಸಿದೆವು. ಮನೆಗೆ ಬಂದವರೇ ಊರಿನಿಂದ ತಂದ ತಾಮ್ರದ ಬಿಂದಿಗೆಯನ್ನು ತೋರಿಸಿ ಅತ್ತೆಗೆ, "ಆದ್ರೂ ಕುದಿಸ್ಬಿಡು," ಎಂದರು.

ನವೆಂಬರಿನಲ್ಲಿ ಹಿಮ ಬಿತ್ತು. ಹೊರಗೆ ನಡೆಯಲಾಗದ ಹಿರಿಯರೆಲ್ಲ ಬೆಳಿಗ್ಗೆ ಮಾಲಿನೊಳಗೆ ಸುತ್ತು ಹಾಕುವುದು ಇಲ್ಲಿಯ ರೂಢಿ. ಅಂಗಡಿಗಳು ಬಾಗಿಲು ತೆರೆಯುವ ಮುಂಚೆ ಸ್ವೆಟರು, ಸ್ನೀಕರು ತೊಟ್ಟ ಅಜ್ಜ ಅಜ್ಜಿಯರ ಮೆರವಣಿಗೆ ಅಲ್ಲಿ ನಡೆದಿರುತ್ತದೆ. ನಾನು ಮೆಡೋವೇಲಿನ ಆಫೀಸಿಗೆ ಹೋಗುವಾಗ ಅತ್ತೆಯನ್ನು ಅಲ್ಲಿ ಇಳಿಸುತ್ತಿದ್ದೆ. ವಾರದೊಳಗೆ ಅವರಿಗೆ ಹಂಸಾಬೆನ್ ಎಂಬ ಗುಜರಾತಿ ಗೆಳತಿ ಸಿಕ್ಕರು. ಹಂಸಾಬೆನ್ ಈ ಊರಲ್ಲೇ ಮುದುಕಿಯಾದವರು, ಗಂಡಸರ ಜಾಕೆಟ್ಟು ಹಾಕಿಕೊಂಡು ಜೋರಾಗಿ ಮಾತಾಡುವವರು. ಅತ್ತೆಯ ಹಿಂದಿ ದೂರದರ್ಶನದ ಕಾಲದ್ದು, ಹಂಸಾಬೆನ್ನರ ಇಂಗ್ಲಿಷು ಗುಜರಾತಿ ಬೆರೆತದ್ದು. ಆದರೂ ಇಬ್ಬರ ಮಾತು ಮುಗಿಯುತ್ತಿರಲಿಲ್ಲ. ನಾಲ್ಕು ಮಾತಾಡದ ನಮ್ಮ ಅತ್ತೆ ಫೋನಿನಲ್ಲಿ ಕಿಲಕಿಲ ನಗುವುದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ.

ಜನವರಿಯ ಒಂದು ಸಂಜೆ ಊಟಕ್ಕೆ ಕೂತಾಗ ಅತ್ತೆ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಹಂಸಾಬೆನ್ ಮತ್ತೆ ಇನ್ನೂ ನಾಲ್ಕು ಜನ ಫೆಬ್ರವರಿಯಲ್ಲಿ ಗಡಿ ದಾಟಿ ಅಮೆರಿಕಾದ ಲಾಸ್ ವೇಗಸ್ಸಿಗೆ ಹೋಗ್ತಿದಾರಂತೆ. ಐದು ದಿನ. ಅಲ್ಲಿ ಬಿಸಿಲಿರುತ್ತಂತೆ. ನನ್ನನ್ನೂ ಕರೀತಿದಾರೆ."

ಪ್ರಸನ್ನನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತನ್ನ ತಾಯಿ ಜೂಜಿನ ಊರಿಗೆ ಹೋಗುವ ಚಿತ್ರ ಅವನ ತಲೆಗೆ ಇಳಿಯಲಿಲ್ಲ. ಮಾವ ಜೂಜಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಿಧಾನವಾಗಿ ಅನ್ನಕ್ಕೆ ಮಜ್ಜಿಗೆ ಕಲೆಸುತ್ತಾ, "ಅದು ಮರುಭೂಮಿ ಲಲಿತಾ. ಮರುಭೂಮಿಯಲ್ಲಿ ನೀರೆಲ್ಲಿಂದ ಬರುತ್ತೆ? ಅಲ್ಲಿ ನಲ್ಲಿ ನೀರು ಕುಡಿಯೋಕಾಗುತ್ತಾ?" ಎಂದರು.

ಅತ್ತೆ ಎದ್ದು ಪಾತ್ರೆ ಎತ್ತಿಡತೊಡಗಿದರು. ನಾನು ಹಿಂದೆಯೇ ಹೋದೆ. ಸಿಂಕಿನ ಮುಂದೆ ನಿಂತು ಅವರು ಮೆಲ್ಲಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಕಾಶಿಗೆ ಹೋಗೋಣ ಅಂದ್ರೆ ಗಂಗೆ ನೀರು ಅಂದ್ರು. ರಾಜಸ್ಥಾನ ಅಂದ್ರೆ ಬಾವಿ ನೀರು ಅಂದ್ರು. ಊಟಿಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದ್ವಿ, ಮನೆಯಿಂದ ನೀರು ಹೊತ್ಕೊಂಡು. ನನ್ನ ತಂಗಿ ಮಗನ ಮದುವೆಗೆ ಅಮೆರಿಕಾ ವೀಸಾ ಮಾಡಿಸಿ ಕೊನೇ ಘಳಿಗೆಯಲ್ಲಿ ಬೇಡ ಅಂದ್ರು. ಇಬ್ಬರ ವೀಸಾನೂ ಇನ್ನೂ ಪಾಸ್‌ಪೋರ್ಟಲ್ಲಿ ಹಾಗೇ ಇದೆ. ನಲವತ್ತೊಂದು ವರ್ಷ ಆಯ್ತು ವೀಣಾ. ಮಗನ ಮನೆ ಬಿಟ್ರೆ ಈ ನೀರು ನನ್ನ ಎಲ್ಲಿಗೂ ಹೋಗೋಕೆ ಬಿಡಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹೆಚ್ಚು ಹೊತ್ತು ಅಡುಗೆಮನೆಯಲ್ಲಿ ಇರುವುದಿಲ್ಲ. ಕೈಯನ್ನು ಸೀರೆಗೆ ಒರೆಸಲು ಸೀರೆ ಇಲ್ಲದ್ದರಿಂದ ಪ್ಯಾಂಟಿಗೇ ಒರೆಸಿಕೊಂಡು ಹೊರಗೆ ಬಂದೆ. "ಮಾವಾರ, ಆಗೂದಿಲ್ಲ ಅಂತ ಸುಮ್ಮನ ಹೇಳಬ್ಯಾಡ್ರಿ. ನೀವು ಇಂಜಿನಿಯರ ಅದೀರಿ. ನೋಡ್ರಿ, ಓದ್ರಿ, ಆಮ್ಯಾಲೆ ಬರದ ಕೊಡ್ರಿ, ಕುಡೀಬಹುದೋ ಇಲ್ಲೋ ಅಂತ." ಬಂದಾಗಿನಿಂದ ಅವರಿಗೆ ಯಾರೂ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. "ಸರಿ. ರಿಪೋರ್ಟ್ ಕೊಡ್ತೀನಿ," ಎಂದರು. ಆ ರಾತ್ರಿ ಮಲಗುವ ಮುಂಚೆಯೇ ಅನಘಾಳಿಂದ ಒಂದು ನೋಟ್‌ಬುಕ್ಕು ಇಸಿದುಕೊಂಡಾಗಿತ್ತು.

ಮುಂದಿನ ಎರಡು ವಾರ ನಮ್ಮ ಮನೆ ಇಲಾಖೆಯ ಕಚೇರಿಯಾಯಿತು. ಮಾವ ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ಲೈಬ್ರರಿಗೆ ಹೋಗುವರು. ವೇಗಸ್ಸಿನ ನೀರಿನ ಗುಣಮಟ್ಟದ ವರದಿಯನ್ನು ಪ್ರಿಂಟು ಹಾಕಿಸಿಕೊಂಡು ಬಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುವರು. ಕೊಲರಾಡೊ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿ, ಆ ಜಲಾಶಯದ ನೀರನ್ನು ಶುದ್ಧಮಾಡಿ ಊರಿಗೆ ಕೊಡುತ್ತಾರೆ ಎಂಬುದು ತಿಳಿದ ದಿನ ಅವರ ಕಣ್ಣು ಮಿನುಗುತ್ತಿತ್ತು. "ನಮ್ಮ ಕನ್ನಂಬಾಡಿ ಇದ್ದ ಹಾಗೇ ಕಣಮ್ಮ," ಎಂದು ಊಟ ಮಾಡುವಾಗ ಮೇಜಿನ ಮೇಲೆ ಬೆರಳಿನಿಂದ ಪೈಪ್‌ಲೈನ್ ಎಳೆದು ತೋರಿಸಿದರು. ಗಡಸು ನೀರು, ಸಾಬೂನು ನೊರೆ ಬರುವುದಿಲ್ಲ, ರುಚಿ ಸ್ವಲ್ಪ ಬೇರೆ, ಆದರೆ ಕಾಯಿಲೆ ತರುವಂಥದ್ದು ಏನೂ ಕಾಣುವುದಿಲ್ಲ ಎಂದು ಅವರೇ ಓದಿ ಹೇಳಿದರು. ಅತ್ತೆ ಕೇಳಿಸಿಕೊಳ್ಳದವರಂತೆ ಬೀನ್ಸ್ ಹೆಚ್ಚುತ್ತಿದ್ದರು. ಅವತ್ತು ಬೀನ್ಸ್ ಎಷ್ಟು ಸಣ್ಣಗೆ ಹೆಚ್ಚಿದ್ದರೆಂದರೆ ಪಲ್ಯದಲ್ಲಿ ಹುಡುಕಬೇಕಾಯಿತು.

ಇನ್ನೇನು ಸರ್ಟಿಫಿಕೇಟು ಸಿಕ್ಕಿತು ಅನ್ನುವಾಗ ಮಾವನಿಗೆ ಹೊಸ ಯೋಚನೆ ಬಂತು. ಹೋಲಿಸಿ ನೋಡಲು ಇಲ್ಲಿಯ ನೀರನ್ನೂ ಪರೀಕ್ಷಿಸಬೇಕಂತೆ. ಪ್ರಸನ್ನ ಈಜುಕೊಳದ ಸಾಮಾನಿನ ಅಂಗಡಿಯಿಂದ ಕ್ಲೋರಿನ್ ನೋಡುವ ಕಾಗದದ ಪಟ್ಟಿಗಳನ್ನು ತಂದುಕೊಟ್ಟ. ಪಟ್ಟಿಯನ್ನು ನೀರಲ್ಲಿ ಅದ್ದಿದರೆ, ಕ್ಲೋರಿನ್ ಇದ್ದಷ್ಟೂ ಬಣ್ಣ ಗಾಢವಾಗುತ್ತದೆ. ಮಾವ ಸೋಫಾದ ಮೇಲೆ ಕೂತು, "ಪುಟ್ಟಿ, ಕುಡಿಯೋ ನೀರು ಒಂದ್ ಲೋಟ ತಗೊಂಡ್ ಬಾ," ಎಂದರು. ಅನಘಾ ತಂದುಕೊಟ್ಟಳು. ಪಟ್ಟಿ ಅದ್ದಿದರು. ಬಿಳಿಯಾಗಿಯೇ ಉಳಿಯಿತು. ಇನ್ನೊಂದು ಅದ್ದಿದರು, ಅದೂ ಬಿಳಿ. ಮೂರನೆಯದೂ ಅಷ್ಟೇ.

ಮಾವನ ಮುಖ ಬಿಳುಪೇರಿತು. "ಕ್ಲೋರಿನ್ನೇ ಇಲ್ಲ. ಇಷ್ಟು ದಿನ ಈ ಊರು ಹೇಗೆ ಬದುಕಿದೆ?" ಎಂದರು. "ತಾತಾ, ಎವ್ರಿಬಡಿ ಡ್ರಿಂಕ್ಸ್ ಇಟ್. ವಿ ಆರ್ ಫೈನ್," ಎಂದಳು ಅನಘಾ. ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ನನ್ನ ಕಾಫಿ ಮೆಷಿನ್ನು ಬಂದ್ ಆಯಿತು. ಹಲ್ಲುಜ್ಜಲೂ ಕುದಿಸಿದ ನೀರು. ಅತ್ತೆ ಮರುದಿನ ಮಾಲಿನಲ್ಲಿ ಹಂಸಾಬೆನ್ನರಿಗೆ ಹೇಳಿದರು. ಹಂಸಾಬೆನ್ ತಮ್ಮ ಗುಂಪಿನ ವಾಟ್ಸಾಪಿಗೆ ಹಾಕಿದರು. ಇಂಡಿಯಾದಿಂದ ಬಂದ ದೊಡ್ಡ ವಾಟರ್ ಇಂಜಿನಿಯರ್ ಸಾಹೇಬರು ಖುದ್ದು ಪರೀಕ್ಷೆ ಮಾಡಿದ್ದಾರೆಂದು ಸುದ್ದಿ ಹರಡಿತು. ಸಂಜೆಯ ಹೊತ್ತಿಗೆ ಆ ಗುಂಪಿನವರ ಮನೆಗಳಲ್ಲಿ ಬಾಟಲಿ ನೀರಿನ ಪೆಟ್ಟಿಗೆಗಳ ರಾಶಿ ಬಿದ್ದಿತ್ತು. ನನ್ನ ಗಂಡನೂ ಹಿಮದಲ್ಲಿ ಜಾರುತ್ತಾ ಎರಡು ಪೆಟ್ಟಿಗೆ ಹೊತ್ತು ತಂದ. ಇಂಥವರ ಜೊತೆ ಹೇಗಪ್ಪಾ ಬಾಳುವುದು ಎಂದು ನಾನು ಫ್ರಿಜ್ಜಿನ ಮುಂದೆ ನಿಂತು ಹಣೆ ಚಚ್ಚಿಕೊಂಡೆ.

ಅದರ ಮರುದಿನ ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ, ಅನಘಾಳಿಗೆ ಹಿಮದ ರಜೆ. ಮಾವ ಕೋಟು ತೊಟ್ಟುಕೊಂಡು ಊರಿನ ನೀರಿನ ಕಚೇರಿಗೆ ಫೋನು ಮಾಡಿದರು. ಆ ಕಡೆ ಒಬ್ಬ ಹೆಂಗಸು, ದನಿಯಲ್ಲಿ ಬಹಳ ತಾಳ್ಮೆ. ಮಾವ ತಮ್ಮ ಇಂಗ್ಲಿಷಿನಲ್ಲಿ ತಮ್ಮ ಹುದ್ದೆ, ಸೇವೆ, ಅನುಭವ ಎಲ್ಲ ಹೇಳಿದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದರು. ನೀರನ್ನು ಯಾವ ನಲ್ಲಿಯಿಂದ ಹಿಡಿದಿರಿ, ಹಿಡಿಯುವ ಮುಂಚೆ ಎಷ್ಟು ಹೊತ್ತು ಹರಿಯಲು ಬಿಟ್ಟಿರಿ?

ಮಾವ ಫೋನಿನ ಮೇಲೆ ಕೈಯಿಟ್ಟು, "ಪುಟ್ಟಿ, ಅವತ್ತು ನೀರು ಯಾವ ನಲ್ಲಿಯಿಂದ ತಂದೆ?" ಎಂದರು.

"ನಾಟ್ ಫ್ರಮ್ ದ ಟ್ಯಾಪ್, ತಾತ. ಅಜ್ಜೀಸ್ ಕಾಪರ್ ಪಾಟ್. ಯು ಸೆಡ್ ಕುಡಿಯೋ ನೀರು."

ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಕುದಿಸಿ, ಆರಿಸಿ, ಶೋಧಿಸಿ, ರಾತ್ರಿಯಿಡೀ ತಾಮ್ರದಲ್ಲಿಟ್ಟ ನೀರು. ಅದರಲ್ಲಿ ಕ್ಲೋರಿನ್ ಉಳಿಯುವುದಾದರೂ ಹೇಗೆ? ಆ ಮನೆಯಲ್ಲಿ ಕುಡಿಯುವ ನೀರೆಂದರೆ ಇದೊಂದೇ ಎಂದು ಎಲ್ಲರಿಗೂ ಕಲಿಸಿದವರೂ ಅವರೇ. ಮಾವ ಕೈ ತೆಗೆದು, ಬೆನ್ನು ನೆಟ್ಟಗೆ ಮಾಡಿಕೊಂಡು ಫೋನಿಗೆ ಹೇಳಿದರು: "ಮೇಡಮ್, ಐ ಯಾಮ್ ಸಾರಿ. ಯುವರ್ ವಾಟರ್ ಈಸ್ ಆಲ್‌ರೈಟ್. ದ ಫಾಲ್ಟ್ ಈಸ್ ಇನ್ ಅವರ್ ಹೌಸ್." ಆ ಹೆಂಗಸು ನಕ್ಕದ್ದು ನನಗೂ ಕೇಳಿಸಿತು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ಅಲ್ಲಿಗೇ ಮುಚ್ಚಿ ಹಾಕುತ್ತಿದ್ದರು. ಮಾವ ಹಾಗಲ್ಲ. ಶನಿವಾರ ಬೆಳಿಗ್ಗೆ, "ನನ್ನನ್ನೂ ಮಾಲಿಗೆ ಕರ್ಕೊಂಡ್ ಹೋಗಮ್ಮ," ಎಂದರು. ಫುಡ್ ಕೋರ್ಟಿನಲ್ಲಿ ನಡಿಗೆ ಮುಗಿಸಿ ಕೂತಿದ್ದ ಹಿರಿಯರ ಮುಂದೆ ಟೋಪಿ ತೆಗೆದು ನಿಂತರು. "ಐ ಹ್ಯಾವ್ ಕಮಿಟೆಡ್ ಎ ಮಿಸ್ಟೇಕ್ ಇನ್ ಸ್ಯಾಂಪ್ಲಿಂಗ್," ಎಂದು ಶುರುಮಾಡಿ, ಬಿಂದಿಗೆಯ ಕತೆಯನ್ನು ಒಂದಕ್ಷರ ಬಿಡದೆ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಂತರ ಚಪ್ಪಾಳೆ ತಟ್ಟಿದರು. ನನಗೆ ಅವರ ಮೇಲೆ ತುಂಬಾ ಹೆಮ್ಮೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಹಂಸಾಬೆನ್ ಕಣ್ಣೊರೆಸಿಕೊಂಡು, "ಚಲೋ ಭಾಯಿಸಾಬ್, ತೋ ವೇಗಸ್ ಕಾ ಪಾನಿ ಪೀ ಸಕ್ತೇ ಹೈ ನಾ?" ಎಂದು ಕೇಳಿದರು.

"ರಿಪೋರ್ಟ್ ಪ್ರಕಾರ ಸರಿಯಾಗಿದೆ," ಎಂದರು ಮಾವ ಇಂಗ್ಲಿಷಿನಲ್ಲಿ.

ಆಗ ಅತ್ತೆ, ಅಷ್ಟು ಜನರ ಮುಂದೆ, ಕನ್ನಡದಲ್ಲಿ ಹೇಳಿದರು: "ರಿಪೋರ್ಟ್ ಬೇಡ ರೀ. ನೀವು ಹೇಳಿ. ನಾನು ಕುಡೀಬೋದಾ?"

ಮಾವ ಬಾಯಿ ತೆರೆದವರು ಹಾಗೇ ಬಗ್ಗಿ ಶೂ ಲೇಸು ಸರಿಮಾಡಿಕೊಳ್ಳತೊಡಗಿದರು. ಅತ್ತೆ ಇನ್ನೊಂದು ಸುತ್ತು ಹಾಕಿ ಬರುತ್ತೇನೆಂದು ಎದ್ದು ಹೋದರು.

ನಾವಿಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅವರಿಗಾಗಿ ಕಾಯುತ್ತಿದ್ದೆವು. ಹೀಟರು ಹಾಕಿದ್ದೆ. ಗಾಜಿನ ಮೇಲೆ ಹಿಮ ಬಿದ್ದು ಕರಗುತ್ತಿತ್ತು. ನಾನು ಸುಮ್ಮನಿದ್ದೆ. ನಾನು ಸುಮ್ಮನಿರುವುದು ಅಪರೂಪ, ಅದಕ್ಕೇ ಇರಬೇಕು ಅವರು ಮಾತಾಡಿದರು. "ಮದುವೆಯಾದ ವರ್ಷ ನಾವಿಬ್ಬರೇ ಒಂದು ಊರಿಗೆ ಹೋಗಿದ್ವಿ ವೀಣಾ. ನನಗೆ ಆಗ ತಾನೇ ಕೆಲಸ ಸಿಕ್ಕಿತ್ತು. ಪ್ರವಾಸಿ ಬಂಗಲೆಯಲ್ಲಿ ಇಳ್ಕೊಂಡ್ವಿ. ಅವಳು ನಲ್ಲಿ ಹತ್ತಿರ ಲೋಟ ಹಿಡ್ಕೊಂಡು, ಕುಡೀಬೋದಾ ಅಂತ ಕೇಳಿದ್ಲು. ನಾನು ಜಂಬದಲ್ಲಿ, ವಾಟರ್ ಸಪ್ಲೈ ಇಂಜಿನಿಯರ್ ಹೆಂಡತಿ ನೀನು, ಧೈರ್ಯವಾಗಿ ಕುಡಿ ಅಂದೆ. ವಾಪಸ್ ಬಂದು ಎರಡು ವಾರಕ್ಕೆ ಟೈಫಾಯ್ಡು. ಎರಡು ತಿಂಗಳು ಮಲಗಿದ್ಲು. ಮೊಣಕಾಲಿನ ತನಕ ಕೂದಲಿತ್ತು ಅವಳಿಗೆ. ಎಲ್ಲಾ ಉದುರಿ ಹೋಯ್ತು." ಟೋಪಿಯನ್ನು ಮಡಿಲಲ್ಲಿ ಮಡಚುತ್ತಾ ಹೇಳಿದರು, "ಊರಿಗೆಲ್ಲ ನೀರು ಕೊಟ್ಟೆ. ಅವಳಿಗೆ ಮಾತ್ರ ಇನ್ನೊಂದು ಸಲ ಕುಡಿ ಅನ್ನೋಕೆ ನನ್ನ ಕೈಲಾಗಲಿಲ್ಲ ಕಣಮ್ಮ."

ಇಷ್ಟು ವರ್ಷ ಅವರನ್ನು ಹಠಮಾರಿ ಎಂದು ಬೈದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅಳುವೂ ಬಂತು. "ಅತ್ತೆಗ ಇದನ್ನ ಹೇಳೀರೇನ್ರಿ?" ಎಂದೆ. "ಏನಂತ ಹೇಳಲಿ?" ಎಂದರು. ಅಷ್ಟರಲ್ಲಿ ಅತ್ತೆ ಬಂದು ಹಿಂದಿನ ಸೀಟಿನಲ್ಲಿ ಕೂತರು.

ಆ ಸಂಜೆ ನಾನೇ ಟಿಕೆಟ್ಟು ಬುಕ್ ಮಾಡಿದೆ. ಅತ್ತೆಗೊಬ್ಬರಿಗೇ. ಪ್ರಸನ್ನ, "ಅಪ್ಪನ್ನ ಕೇಳ್ದೆ ಹೇಗೆ?" ಎಂದು ಗೊಣಗಿದ. "ಅತ್ತೆಗ ಅರವತ್ತೈದ ವರ್ಷ ಆಗೇತಿ, ಕೇಳಬೇಕಾದವರನ್ನ ಕೇಳೀನಿ," ಎಂದು ಬಾಯಿ ಮುಚ್ಚಿಸಿದೆ. ಮಾವ ಸಿಟ್ಟಾಗಲಿಲ್ಲ. "ಹೋಗಲಿ. ಬೇಡ ಅನ್ನಲ್ಲ. ನಾನು ಬರಲ್ಲ, ಅವಳು ಕುಡಿಯೋದನ್ನ ನೋಡ್ಕೊಂಡಿರೋಕೆ ನನ್ನಿಂದಾಗಲ್ಲ," ಎಂದರು. ಹೊರಡುವ ದಿನ ಅತ್ತೆಯ ಕೈಗೆ ಮಡಚಿದ ಕಾಗದವೊಂದನ್ನು ಕೊಟ್ಟರು. ಬಾಟಲಿಯ ಮುಚ್ಚಳದ ಸೀಲು ನೋಡುವುದು, ಐಸು ಬೇಡ ಅನ್ನುವುದು, ಹಸಿ ತರಕಾರಿ ಮುಟ್ಟದಿರುವುದು ಎಂದೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಅತ್ತೆ ಅದನ್ನು ಪರ್ಸಿನಲ್ಲಿಟ್ಟುಕೊಂಡರು.

ಅವರನ್ನು ಪಿಯರ್ಸನ್ ಏರ್‌ಪೋರ್ಟಿಗೆ ಬಿಡಲು ಹೋದವಳು ನಾನೇ. ಗುಟ್ಟು ಕಾಯುವ ಗುಣ ನನ್ನದಲ್ಲ, ಅದು ಮಾವನಿಗೂ ಗೊತ್ತಿತ್ತು. ಹೈವೇ ಹತ್ತುತ್ತಿದ್ದಂತೆ ಎಲ್ಲ ಹೇಳಿಬಿಟ್ಟೆ. ಬಂಗಲೆ, ಲೋಟ, ಟೈಫಾಯ್ಡು, ಎಲ್ಲ. ಅತ್ತೆ ಕೈಯೆತ್ತಿ ತಮ್ಮ ಸಣ್ಣ ತುರುಬನ್ನು ಮುಟ್ಟಿ ನೋಡಿಕೊಂಡರು.

"ಕೂದಲು ಹೋದ್ಮೇಲೆ ಅವರಿಗೆ ನನ್ನ ಜೊತೆ ನಾಲ್ಕು ಜನರ ಮುಂದೆ ಓಡಾಡೋಕೆ ನಾಚಿಕೆ ಅಂದ್ಕೊಂಡಿದ್ದೆ ವೀಣಾ," ಎಂದರು. "ನೀರು ಬರೀ ನೆಪ ಅಂದ್ಕೊಂಡಿದ್ದೆ."

ಏರ್‌ಪೋರ್ಟಿನಲ್ಲಿ ಹಂಸಾಬೆನ್ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಕೈಬೀಸುತ್ತಾ ನಿಂತಿದ್ದರು, ಹೊರಗೆ ಮೊಣಕಾಲುದ್ದ ಹಿಮ. ಅತ್ತೆ ಒಮ್ಮೆ ನನ್ನ ಕೆನ್ನೆ ಸವರಿ, ಹೊಸ ಸೂಟ್‌ಕೇಸು ಎಳೆದುಕೊಂಡು ಒಳಗೆ ಹೋದರು. ತಿರುಗಿ ನೋಡಲಿಲ್ಲ.

ಅದಾದ ಮೇಲಿನ ಎರಡು ದಿನ ಮಾವನ ಪಾಡು ನೋಡಲಾಗುತ್ತಿರಲಿಲ್ಲ. ಹಾಲ್‌ನಲ್ಲಿ ಅತ್ತಿಂದಿತ್ತ ನಡೆಯುವರು. ಫೋನಿಗೆ ಚಾರ್ಜು ಇದೆಯೇ ಎಂದು ಹತ್ತು ಸಲ ನೋಡುವರು. ತಲುಪಿದೆ ಎಂದು ಅತ್ತೆ ಫೋನು ಮಾಡಿದಾಗ ಇವರು ಕೇಳಿದ್ದು ಬಾಟಲಿ ನೀರು ಕೊಂಡೆಯಾ ಎಂದು ಮಾತ್ರ. ಅತ್ತೆ ಹೂಂ ಎಂದಿದ್ದರು. ಅಲ್ಲಿಂದ ಫೋಟೋಗಳು ಬರುತ್ತಿದ್ದವು. ದೀಪಗಳ ಮುಂದೆ, ಕುಣಿಯುವ ಕಾರಂಜಿಯ ಮುಂದೆ, ಕೆಂಪು ಬಂಡೆಗಳ ಮುಂದೆ ಅತ್ತೆ. ಎಲ್ಲದರಲ್ಲೂ ಹಲ್ಲು ಕಾಣುವಂತೆ ನಗು. ಮಾವ ಒಂದೊಂದನ್ನೂ ದೊಡ್ಡದು ಮಾಡಿ ಕೈಯಲ್ಲಿರುವ ಬಾಟಲಿಯ ಮುಚ್ಚಳ ಹುಡುಕುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ವಿಡಿಯೊ ಕಾಲ್ ಬಂತು. ಮಾವ ಅಡುಗೆಮನೆಯ ಮೇಜಿಗೆ ಫೋನನ್ನು ಒರಗಿಸಿಟ್ಟು ಕುರ್ಚಿ ಎಳೆದುಕೊಂಡರು. ಹೋಟೆಲಿನ ರೂಮಿನಲ್ಲಿ ಕೂತಿದ್ದ ಅತ್ತೆ ಯಾವ ಪೀಠಿಕೆಯೂ ಇಲ್ಲದೆ, "ರೀ, ಬಂದಾಗಿಂದ ನಾನು ನಲ್ಲಿ ನೀರೇ ಕುಡೀತಿದೀನಿ," ಎಂದರು.

"ಬಾಟಲಿ ತಗೊಂಡೆ ಅಂದ್ಯಲ್ಲ?"

"ತಗೊಂಡೆ. ಹಂಸಾಬೆನ್ ಕುಡೀತಿದಾರೆ. ಇಲ್ಲಿ ನೀರು ಸ್ವಲ್ಪ ಗಡಸು, ನೀವು ಹೇಳಿದ್ದು ಸರಿ, ಕಾಫಿ ಚೆನ್ನಾಗಿ ಬರಲ್ಲ. ಹೊಟ್ಟೆಗೇನೂ ಆಗಿಲ್ಲ." ಅತ್ತೆ ಮುಂದೆ ಬಾಗಿದರು, ಪರದೆಯ ತುಂಬ ಅವರ ಹಣೆಯೇ ಕಾಣಿಸಿತು. "ವೀಣಾ ಎಲ್ಲಾ ಹೇಳಿದ್ಲು ನನಗೆ."

ಮಾವ ನನ್ನ ಕಡೆ ತಿರುಗಿದರು. ನಾನು ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದಿದೆ.

"ನಿಮಗೊಂದು ವಿಷಯ ಹೇಳ್ಬೇಕು. ಬೈಬಾರದು," ಎಂದರು ಅತ್ತೆ. "ಅವತ್ತು ಬಂಗಲೆಯಲ್ಲಿ ನಾನು ಆ ನೀರು ಕುಡೀಲೇ ಇಲ್ಲ. ಬಾಯಿಗಿಟ್ಟೆ, ತುಕ್ಕು ವಾಸನೆ. ನೀವು ಅಷ್ಟು ಹೆಮ್ಮೆಯಿಂದ ಕೊಟ್ಟಿದ್ರಲ್ಲ, ಬೇಡ ಅಂದ್ರೆ ಬೇಜಾರಾಗುತ್ತೆ ಅಂತ, ನೀವು ಆ ಕಡೆ ತಿರುಗಿದಾಗ ಗಿಡಕ್ಕೆ ಚೆಲ್ಲಿದೆ. ನೀವು ಕುಡಿದ್ರಲ್ಲ ಅದನ್ನ, ಎರಡು ಲೋಟ? ನಿಮಗೇನಾದ್ರೂ ಆಯ್ತಾ?"

ಇಡೀ ಜನ್ಮ ನೀರಿನ ಲೆಕ್ಕ ಹಾಕಿದ ಮನುಷ್ಯ ಈ ಒಂದು ಲೆಕ್ಕವನ್ನು ಹಾಕಿಯೇ ಇರಲಿಲ್ಲ.

"ಮತ್ತೆ ಟೈಫಾಯ್ಡು?" ಎಂದರು ಮಾವ.

"ಬಸ್‌ಸ್ಟ್ಯಾಂಡಲ್ಲಿ ನೀವು ಜಟಕಾ ಮಾತಾಡೋಕೆ ಹೋಗಿದ್ರಲ್ಲ, ಆಗ ಐಸ್ ಕ್ಯಾಂಡಿಯವನು ಬಂದ. ಬಿಸಿಲು ಅಂದ್ರೆ ಬಿಸಿಲು. ತಿಂದ್ಬಿಟ್ಟೆ. ಹೊಸ ಸೊಸೆ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡು ಐಸ್ ಕ್ಯಾಂಡಿ ಚೀಪಿದ್ಲು ಅಂತ ನಿಮ್ಮಮ್ಮನಿಗೆ ಗೊತ್ತಾದ್ರೆ ಅಂತ ಹೆದರಿ ಹೇಳಲಿಲ್ಲ. ಆಮೇಲೆ ಮರೆತೇ ಹೋಯ್ತು. ನೀವು ಇದನ್ನ ಮನಸ್ಸಲ್ಲಿ ಇಟ್ಕೊಂಡಿದೀರಾಂತ ನನಗೇನು ಗೊತ್ತು? ಒಂದು ಸಲ ಬಾಯಿ ಬಿಟ್ಟು ಹೇಳಿದ್ರೆ ಅವತ್ತೇ ಹೇಳ್ತಿರಲಿಲ್ವಾ ನಾನು?"

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅಳುತ್ತಿದ್ದಾರೆಂದು ನಾನು ಹಿಟ್ಟಿನ ಕೈಯಲ್ಲೇ ಹತ್ತಿರ ಹೋದೆ. ಹೆಗಲು ಅಲುಗುತ್ತಿತ್ತು, ಆದರೆ ಅದು ಅಳುವೋ ನಗುವೋ ತಿಳಿಯಲಿಲ್ಲ.

"ಯಾವ ಬಣ್ಣದ್ದು?" ಎಂದರು.

"ಏನು?"

"ಐಸ್ ಕ್ಯಾಂಡಿ. ಯಾವ ಬಣ್ಣದ್ದು ತಿಂದೆ?"

"ಕಿತ್ತಳೆ," ಎಂದರು ಅತ್ತೆ. ಆಮೇಲೆ ಪರದೆಗೆ ಎರಡು ಬೆರಳು ತೋರಿಸಿ, "ಎರಡು ತಿಂದೆ," ಎಂದರು.

ಮಾವ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೇಲಿನ ರೂಮಿನಿಂದ ಅನಘಾ ಏನಾಯಿತೆಂದು ಓಡಿಬಂದಳು. ಆ ಕಡೆ ಅತ್ತೆಯೂ ನಗುತ್ತಿದ್ದರು, ಹಿಂದೆಯೇ ಹಂಸಾಬೆನ್ ಕ್ಯಾ ಹುವಾ, ಕ್ಯಾ ಹುವಾ ಎಂದು ಕೇಳುತ್ತಿದ್ದರು. ನಗು ನಿಂತ ಮೇಲೆ ಮಾವ ಕನ್ನಡಕ ಹಾಕಿಕೊಂಡು, ಮೇಜು ಹಿಡಿದುಕೊಂಡು ಎದ್ದು ನಿಂತರು.

"ವೀಣಾ, ಇವಳು ಬರೋಕೆ ಇನ್ನೂ ಎರಡು ದಿನ ಇದೆಯಲ್ಲ," ಎಂದರು. "ನಾಳೆ ಬೆಳಿಗ್ಗೆ ಆ ಕಡೆಗೆ ಯಾವುದಾದ್ರೂ ವಿಮಾನ ಇದ್ಯಾ ನೋಡಮ್ಮ."